ಹಳೇ ಸ್ಕೀ ಬೂಟಿಗೆ ನಾಲ್ಕು ವಯಸ್ಸು

ಇವತ್ತಿನ ಸಂಚಿಕೆ ಹಿಮದ ಬಗ್ಗೆ, ಆದರೆ ಹಿಮಕ್ಕಿಂತ ಹೆಚ್ಚಾಗಿ ಪ್ಲಾಸ್ಟಿಕ್ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ, ಒಂದು ಜೊತೆ ಸೆಕೆಂಡ್‌ಹ್ಯಾಂಡ್ ಬೂಟಿನ ಬಗ್ಗೆ.

ನಿಮ್ಮಲ್ಲಿ ಚಾರಣಕ್ಕೆ ಹೋಗೋರು ಇದ್ದರೆ ಈ ಅನುಭವ ಆಗಿರಬಹುದು. ಅಟ್ಟದ ಮೇಲೆ ನಾಲ್ಕೈದು ವರ್ಷ ಜೋಪಾನವಾಗಿ ಇಟ್ಟಿದ್ದ ಶೂ. ನೋಡೋಕೆ ಹೊಸದರ ಹಾಗೇ ಇದೆ. ಹಾಕ್ಕೊಂಡು ಕುಮಾರ ಪರ್ವತಕ್ಕೆ ಹೋದರೆ ಅರ್ಧ ದಾರೀಲಿ ಅದರ ಅಟ್ಟೆ ಮೊಸಳೆ ಬಾಯಿ ಥರ ತೆರ್ಕೊಳ್ಳುತ್ತೆ. ಮುಟ್ಟಿ ನೋಡಿದರೆ ಒಳಗಿನ ಫೋಮ್ ಹಳೇ ಬಿಸ್ಕತ್ತಿನ ಹಾಗೆ ಉದುರುತ್ತೆ. ಬಳಸಿ ಸವೆದಿದ್ದಲ್ಲ, ಬಳಸದೆ ಇಟ್ಟು ಸತ್ತಿದ್ದು. ಈಗ ಅದೇ ವಸ್ತುವಿನಿಂದ ಮಾಡಿದ, ಮೊಣಕಾಲಿನ ಹತ್ತಿರದವರೆಗೆ ಬರೋ ಒಂದು ಗಟ್ಟಿ ಬೂಟನ್ನ ಕಲ್ಪಿಸಿಕೊಳ್ಳಿ. ಅದನ್ನ ಹಾಕಿಕೊಂಡವನು ಹಿಮದ ಇಳಿಜಾರಿನಲ್ಲಿ ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಇಳೀತಿದ್ದಾನೆ. ಆಗ ಬೂಟು ಒಡೆದರೆ?

ಇದು ನಿಜವಾಗಿ ಆಗುತ್ತೆ. ಹಳೇ ಸ್ಕೀ ಬೂಟುಗಳು, ಹಳೇ ಪ್ಲಾಸ್ಟಿಕ್ ಪರ್ವತಾರೋಹಣ ಬೂಟುಗಳು, ಹೊರಗಿಂದ ಹೊಳೀತಾ ಇರುವಾಗಲೇ ಚೂರುಚೂರಾಗಿ ಒಡೆದಿವೆ. ಅದಕ್ಕೇ ನನಗೆ ಈ ಬೂಟಿನ ಇತಿಹಾಸ ಇಷ್ಟ ಆಗಿದ್ದು. ನಾನು ಕೆನಡಾದ ಕ್ಯಾಲ್ಗರಿಯಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಅಲ್ಲಿ ಹಿಮ ಬೀಳೋಕೆ ಮುಂಚೆ, ಅಕ್ಟೋಬರ್ ಹೊತ್ತಿಗೆ, ‘ಸ್ಕೀ ಸ್ವಾಪ್’ ಅಂತ ಸಂತೆ ನಡೆಯುತ್ತೆ. ಊರಿನವರೆಲ್ಲ ಹಳೇ ಸ್ಕೀ, ಹಳೇ ಬೂಟು, ಮಕ್ಕಳಿಗೆ ಚಿಕ್ಕದಾದ ಜಾಕೆಟ್ಟು ತಂದು ಮಾರ್ತಾರೆ. ಹೊಸ ಬೂಟಿಗೆ ನೂರಾರು ಡಾಲರ್ ಕೊಡೋಕಾಗದ ವಿದ್ಯಾರ್ಥಿಗಳು, ಅವರಲ್ಲಿ ನಮ್ಮೂರ ಕಡೆಯವರೂ ಇರ್ತಾರೆ, ಆ ರಾಶಿಯೊಳಗೆ ಕೈಹಾಕಿ ಹುಡುಕ್ತಾರೆ. ಮನೆಗೆ ತಂದು, ಊಟದ ಮೇಜಿನ ಮೇಲೆ ಬಿಚ್ಚಿ, ತಮ್ಮ ಕಾಲಿಗೆ ಹೊಂದಿಸಿಕೊಳ್ತಾರೆ. ನಾನೂ ಮಾಡಿದ್ದೇನೆ. ಹಾಗೆ ಬಿಚ್ಚಿದಾಗ ಗೊತ್ತಾಗೋದು ಏನಂದ್ರೆ, ಅದು ಒಂದು ಬೂಟಲ್ಲ. ಹೊರಚಿಪ್ಪು, ಒಳಬೂಟು, ಬಕಲ್ಲು, ಅಟ್ಟೆ, ಹೀಗೆ ನಾಲ್ಕು ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ನಾಲ್ಕು ವಸ್ತುಗಳು. ನಾಲ್ಕಕ್ಕೂ ಬೇರೆ ಬೇರೆ ಆಯಸ್ಸು. ಯಾವುದನ್ನ ಮನೇಲಿ ರಿಪೇರಿ ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಅನ್ನೋದಕ್ಕೆ ಉತ್ತರ ಆ ಇತಿಹಾಸದಲ್ಲೇ ಇದೆ.

ಚರ್ಮದಿಂದ ಶುರು ಮಾಡೋಣ.

ನೂರು ವರ್ಷದ ಹಿಂದೆ ಸ್ಕೀ ಬೂಟು ಅಂತ ಬೇರೆ ಇರಲೇ ಇಲ್ಲ ಅಂದರೂ ತಪ್ಪಿಲ್ಲ. ಆಲ್ಪ್ಸ್ ಬೆಟ್ಟದ ಜನ ಹತ್ತೋಕೆ ಹಾಕ್ತಿದ್ದ ಚರ್ಮದ ಬೂಟನ್ನೇ ಸ್ಕೀಗೂ ಹಾಕ್ತಿದ್ದರು. ಹಿಮ್ಮಡಿ ಮೇಲೇಳ್ತಿತ್ತು, ಬೂಟು ಬಾಗ್ತಿತ್ತು, ಕಾಲು ತಿರುಗಿಸಿದರೆ ಸ್ಕೀ ತಿರುಗೋಕೆ ಯೋಚನೆ ಮಾಡ್ತಿತ್ತು. ಇದನ್ನ ಬದಲಾಯಿಸಿದ್ದು ಬೂಟಲ್ಲ, ಬೈಂಡಿಂಗು. ಅಂದರೆ ಬೂಟನ್ನ ಸ್ಕೀಗೆ ಕಚ್ಚಿ ಹಿಡಿಯೋ ಸಾಧನ. 1930ರ ಆಸುಪಾಸಿನಲ್ಲಿ ಸ್ವಿಟ್ಜರ್ಲೆಂಡಿನ ಗೀಡೋ ರೂಜ್ ಅನ್ನೋ ಎಂಜಿನಿಯರ್, ಹಿಮ್ಮಡಿಯನ್ನ ಉಕ್ಕಿನ ಕೇಬಲ್ಲಿನಿಂದ ಕೆಳಕ್ಕೆ ಎಳೆದು ಹಿಡಿಯೋ ಬೈಂಡಿಂಗ್ ಮಾಡಿದ. ಅದಕ್ಕೆ ಅವನು ಇಟ್ಟ ಹೆಸರು ‘ಕಂದಹಾರ್’.

ಹೌದು, ಅಫ್ಘಾನಿಸ್ತಾನದ ಕಂದಹಾರ್. ಇಲ್ಲೊಂದು ಸಣ್ಣ ಅಡ್ಡದಾರಿ ಹಿಡಿಯೋಣ, ಬಿಟ್ಟುಬಿಡೋಕೆ ಮನಸ್ಸಾಗ್ತಿಲ್ಲ. 1832ರಲ್ಲಿ ನಮ್ಮ ಕಾನ್ಪುರದಲ್ಲಿ ಹುಟ್ಟಿದ ಫ್ರೆಡರಿಕ್ ರಾಬರ್ಟ್ಸ್ ಅನ್ನೋ ಬ್ರಿಟಿಷ್ ಸೇನಾನಿ 1880ರಲ್ಲಿ ಕಾಬೂಲಿನಿಂದ ಕಂದಹಾರಿಗೆ ಸೈನ್ಯ ನಡೆಸಿ ಗೆದ್ದ. ಆಮೇಲೆ ಮದ್ರಾಸ್ ಸೈನ್ಯದ ದಂಡನಾಯಕನಾದ, ಇಡೀ ಭಾರತದ ದಂಡನಾಯಕನೂ ಆದ. ಅವನ ಬಿರುದೇ ‘ಕಂದಹಾರಿನ ಲಾರ್ಡ್ ರಾಬರ್ಟ್ಸ್’ ಅಂತಾಯ್ತು. 1911ರಲ್ಲಿ ಸ್ವಿಟ್ಜರ್ಲೆಂಡಿನ ಮೊಂಟಾನಾದಲ್ಲಿ ಬ್ರಿಟಿಷರು ನಡೆಸಿದ ಇಳಿಜಾರಿನ ಸ್ಕೀ ಓಟಕ್ಕೆ ಅವನ ಹೆಸರಿನ ಕಪ್ಪು. ಆ ಕಪ್ಪಿನಿಂದ ಮುಂದಿನ ಸ್ಪರ್ಧೆಗಳಿಗೆ ಕಂದಹಾರ್ ಹೆಸರು, ಸ್ಪರ್ಧೆಗಳಿಂದ ಬೈಂಡಿಂಗಿಗೆ. ಕಂದಹಾರಿನ ಬಿಸಿಲಲ್ಲಿ ನಡೆದ ಯುದ್ಧದ ಹೆಸರು ಆಲ್ಪ್ಸಿನ ಹಿಮದಲ್ಲಿ ಹಿಮ್ಮಡಿ ಕಟ್ಟೋ ಕೇಬಲ್ಲಿಗೆ ಅಂಟಿಕೊಳ್ತು.

ಸರಿ, ಬೂಟಿಗೆ ವಾಪಸ್ ಬರೋಣ. ಹಿಮ್ಮಡಿಯನ್ನ ಸ್ಕೀಗೆ ಬಿಗಿಯಾಗಿ ಕಟ್ಟಿದ ಮೇಲೆ ಬೂಟು ಗಟ್ಟಿಯಾಗಲೇಬೇಕಾಯ್ತು. ದಪ್ಪ ಅಟ್ಟೆ, ಕೇಬಲ್ ಕೂರೋಕೆ ಹಿಮ್ಮಡಿಯಲ್ಲಿ ಗಾಡಿ, ಒಳಗೊಂದು ಬೂಟು ಹೊರಗೊಂದು ಬೂಟು, ಎರಡಕ್ಕೂ ಬೇರೆ ಬೇರೆ ಲೇಸು. ಬೆಳಗಿನ ಚಳೀಲಿ ಮರಗಟ್ಟಿದ ಬೆರಳಲ್ಲಿ ಎರಡು ಸಲ ಲೇಸು ಬಿಗಿಯಬೇಕಿತ್ತು. ಸ್ವಲ್ಪ ಹೊತ್ತಿಗೆ ಚರ್ಮ ಸಡಿಲ ಆಗ್ತಿತ್ತು, ಮತ್ತೆ ಬಿಗಿ.

ಚರ್ಮದ ಗುಣ ಮತ್ತು ಅವಗುಣ ಎರಡೂ ಒಂದೇ: ಅದು ಕಾಲಿನ ಮಾತು ಕೇಳುತ್ತೆ. ಹೊಸದಾಗಿದ್ದಾಗ ಕಚ್ಚುತ್ತೆ, ಕೆಲವು ವಾರದಲ್ಲಿ ಪಾದದ ಆಕಾರಕ್ಕೆ ಬರುತ್ತೆ, ಆಮೇಲೆ ಅಲ್ಲಿಗೇ ನಿಲ್ಲೋದಿಲ್ಲ. ನೀರು ಕುಡಿದು ಮೆತ್ತಗಾಗ್ತಾ ಹೋಗುತ್ತೆ. ಜೋರಾಗಿ ಸ್ಕೀ ಮಾಡೋರಿಗೆ ಒಂದು ಹಂಗಾಮಿನಲ್ಲೇ ಬೂಟು ಚೀಲದಂತಾಗ್ತಿತ್ತು. ಆದರೆ ರಿಪೇರಿಗೆ ಚರ್ಮದಷ್ಟು ಒಳ್ಳೆಯದು ಇನ್ನೊಂದಿಲ್ಲ. ಹೊಲಿಗೆ ಬಿಟ್ಟರೆ ಹೊಲಿಯಬಹುದು. ಅಟ್ಟೆ ಸವೆದರೆ ಹೊಸ ಅಟ್ಟೆ ಹೊಡೆಯಬಹುದು. ಬೆರಳಿಗೆ ಒತ್ತೋ ಜಾಗವನ್ನ ಒದ್ದೆ ಮಾಡಿ, ಮರದ ಅಚ್ಚು ತುರುಕಿ ಹಿಗ್ಗಿಸಬಹುದು. ಎಣ್ಣೆ, ಮೇಣ ಹಚ್ಚಿ ಜೋಪಾನ ಮಾಡಿದರೆ ಎಂಬತ್ತು ವರ್ಷದ ಬೂಟು ಇವತ್ತಿಗೂ ಬಾಗುತ್ತೆ, ಒಡೆಯೋದಿಲ್ಲ. ಸಾಯೋದಕ್ಕೆ ಮುಂಚೆ ಚರ್ಮ ಹೇಳಿ ಸಾಯುತ್ತೆ. ಬಿರುಕು ಕಾಣುತ್ತೆ, ಹೊಲಿಗೆ ಬಿಡುತ್ತೆ, ವಾಸನೆ ಬರುತ್ತೆ.

ಲೇಸಿನ ಕಾಟ ಮುಗಿಸಿದ್ದು ಹಾನ್ಸ್ ಮಾರ್ಟಿನ್ ಅನ್ನೋ ಸ್ವಿಸ್ ಸಂಶೋಧಕ. ಅವನ ಬಕಲ್ ಹಾಕಿದ ಬೂಟನ್ನ ಹೆಂಕೆ ಕಂಪನಿ 1955ರಲ್ಲಿ ಮಾರುಕಟ್ಟೆಗೆ ತಂತು. ಹಲ್ಲು ಹಲ್ಲಿನ ಪಟ್ಟಿಗೆ ಕೊಕ್ಕೆ ಸಿಗಿಸಿ, ಸನ್ನೆಯನ್ನ ಪಟ್ ಅಂತ ಮಡಚಿದರೆ ಮುಗೀತು. ಇವತ್ತಿನ ಬೂಟಿನ ಬಕಲ್ಲೂ ಅದೇ ತತ್ವದ್ದೇ. ಸೆಕೆಂಡ್‌ಹ್ಯಾಂಡ್ ಬೂಟಿನಲ್ಲಿ ಮೊದಲು ಮುರಿಯೋದು ಇದೇ, ಚಿಂತೆಯಿಲ್ಲದೆ ಮನೇಲಿ ಸರಿಮಾಡಬಹುದಾದ್ದೂ ಇದೇ. ಹೊಸ ಬೂಟುಗಳಲ್ಲಿ ಬಕಲ್ಲಿಗೆ ಸ್ಕ್ರೂ ಇರುತ್ತೆ, ಬಿಚ್ಚಿ ಬದಲಾಯಿಸೋದು ಹತ್ತು ನಿಮಿಷದ ಕೆಲಸ. ರಿವೆಟ್ ಇದ್ದರೆ ಡ್ರಿಲ್ಲಿನಿಂದ ಕೊರೆದು ತೆಗೆದು, ಆ ತೂತಿಗೆ ಸ್ಕ್ರೂ, ನಟ್ಟು ಹಾಕ್ತಾರೆ. ಬಿಡಿಭಾಗ ಎಲ್ಲಿಂದ ಅಂದರೆ, ಸ್ವಾಪ್‌ನಲ್ಲಿ ಯಾರೂ ಕೊಳ್ಳದೆ ಉಳಿದ ಬೂಟಿನಿಂದ. ಹಳೇ ಬಜಾಜ್ ಸ್ಕೂಟರಿಗೆ ಗುಜರಿಯಿಂದ ಪಾರ್ಟ್ ತಂದ ಹಾಗೆ.

ಈಗ ನಿಜವಾದ ಕತೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಡುಬ್ಯೂಕ್ ಅನ್ನೋ ಊರು. ಹತ್ತಿರದಲ್ಲಿ ಹೇಳಿಕೊಳ್ಳುವಂಥ ಪರ್ವತವೇ ಇಲ್ಲ, ಜೋಳದ ಹೊಲಗಳ ಸೀಮೆ. ಅಲ್ಲಿ ಬಾಬ್ ಲಾಂಗೆ ಅನ್ನೋನು ಪ್ಲಾಸ್ಟಿಕ್ ವಸ್ತುಗಳ ಕಾರ್ಖಾನೆ ನಡೆಸ್ತಿದ್ದ. ಸ್ಕೀ ಹುಚ್ಚು. ತನ್ನ ಚರ್ಮದ ಬೂಟು ಮೆತ್ತಗಾಗೋದನ್ನ ನೋಡಿ ಬೇಸತ್ತು, 1940ರ ದಶಕದ ಕೊನೆಯಲ್ಲೇ ಅದರ ಮೇಲೆ ಫೈಬರ್‌ಗ್ಲಾಸ್ ಹಚ್ಚಿ ಗಟ್ಟಿ ಮಾಡೋಕೆ ನೋಡಿದ. ನೀವು ಯೋಚಿಸಿ, ಆಧುನಿಕ ಸ್ಕೀ ಬೂಟು ಶುರುವಾಗಿದ್ದೇ ಒಂದು ರಿಪೇರಿಯಿಂದ. ಹಳೇ ಬೂಟನ್ನ ಇನ್ನೂ ಸ್ವಲ್ಪ ದಿನ ಓಡಿಸೋಣ ಅನ್ನೋ ಆಸೆಯಿಂದ.

ಆಮೇಲೆ ಅವನು ಪೂರ್ತಿ ಪ್ಲಾಸ್ಟಿಕ್ ಬೂಟಿಗೇ ಕೈ ಹಾಕಿದ. ಮೊದಲು ಬಳಸಿದ್ದು ಎಬಿಎಸ್, ಅಂದರೆ ಸೂಟ್‌ಕೇಸಿನ ಪ್ಲಾಸ್ಟಿಕ್. 1960ರ ದಶಕದ ಮೊದಲ ವರ್ಷಗಳಲ್ಲಿ ಅವನ ಪ್ಲಾಸ್ಟಿಕ್ ಬೂಟು ಮಾರಾಟಕ್ಕೆ ಬಂತು, ಅದಕ್ಕೂ ಲೇಸೇ ಇತ್ತು ಅನ್ನೋದು ತಮಾಷೆ. ಎಬಿಎಸ್ ಚಳಿಗೆ ಬಿರುಕು ಬಿಡ್ತಿತ್ತು. ಉತ್ತರ ಸಿಕ್ಕಿದ್ದು ಡ್ಯೂಪಾಂಟ್ ಕಂಪನಿಯ ಆಡಿಪ್ರೀನ್ ಅನ್ನೋ ಪಾಲಿಯುರೆಥೇನ್‌ನಲ್ಲಿ. ಇದು ಚಳಿಯಲ್ಲೂ ಒಡೆಯದೆ ಬಾಗುತ್ತೆ, ಬಾಗಿ ವಾಪಸ್ ಬರುತ್ತೆ. 1960ರ ದಶಕದ ನಡುವಿನಲ್ಲಿ ಪಾಲಿಯುರೆಥೇನ್ ಶೆಲ್ ಮತ್ತು ಬಕಲ್ ಎರಡೂ ಸೇರಿದವು. ಇವತ್ತಿನ ಬೂಟಿನ ಮುಖ ಆಗಲೇ ಬಂದುಬಿಡ್ತು. 1968ರ ಗ್ರೆನೋಬಲ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕೆನಡಾದ ನ್ಯಾನ್ಸಿ ಗ್ರೀನ್ ಜೈಂಟ್ ಸ್ಲಾಲಂ ಚಿನ್ನ ಗೆದ್ದಾಗ ಅವಳ ಕಾಲಲ್ಲಿ ಇದ್ದದ್ದು ಲಾಂಗೆ ಬೂಟು. ಅದಾದ ಕೆಲವೇ ವರ್ಷಗಳಲ್ಲಿ ಸ್ಪರ್ಧೆಗಳಲ್ಲಿ ಚರ್ಮದ ಬೂಟು ಕಾಣೆಯಾಯ್ತು.

ಆದರೆ ಜನರ ಕಾಲು? ಲಾಂಗೆ ಬೂಟು ಹಾಕಿದವರ ಮೊಣಕಾಲಿನ ಕೆಳಗಿನ ಮುಂದಿನ ಎಲುಬಿಗೆ ಬೂಟಿನ ಅಂಚು ಬಡಿದು ಬಡಿದು ಎಂಥ ನೋವಾಗ್ತಿತ್ತು ಅಂದರೆ, ಆ ನೋವಿಗೇ ಇಂಗ್ಲಿಷಿನಲ್ಲಿ ‘ಲಾಂಗೆ ಬ್ಯಾಂಗ್’ ಅಂತ ಹೆಸರು ಬಂತು. ಚರ್ಮ ಕಾಲಿನ ಮಾತು ಕೇಳ್ತಿತ್ತು, ಪ್ಲಾಸ್ಟಿಕ್ ಕೇಳಲಿಲ್ಲ. ಅಂಗಡೀಲಿ ಮೊದಲ ದಿನ ಒತ್ತಿದ ಜಾಗ ನೂರನೇ ದಿನವೂ ಅಷ್ಟೇ ಒತ್ತುತ್ತೆ. ಹಾಗಾಗಿ ಇಡೀ ಉದ್ಯಮ ಎರಡು ದಾರಿ ಹಿಡೀತು. ಒಂದು, ಚಿಪ್ಪಿನೊಳಗೆ ಮೆತ್ತನೆಯ ಒಳಬೂಟು ಇಡೋದು. ಹರಿಯೋ ಲೇಹದಂಥ ವಸ್ತು ತುಂಬಿದ ಚೀಲಗಳು, ಕಾಲು ಒಳಗಿಟ್ಟುಕೊಂಡಾಗಲೇ ಸುತ್ತ ಫೋಮ್ ತುಂಬಿಸಿ ಹೆಪ್ಪುಗಟ್ಟಿಸೋದು, ಕಾರ್ಕಿನ ಪುಡಿ, ಏನೇನೋ ಪ್ರಯೋಗ. ಕೊಲರಾಡೋದ ಬೌಲ್ಡರಿನ ಹ್ಯಾನ್ಸನ್ ಕಂಪನಿ 1970ರ ದಶಕದಲ್ಲಿ ಹಿಂಭಾಗದಿಂದ ಬಾಗಿಲು ತೆಗೆದ ಹಾಗೆ ತೆರೆಯೋ ಬೂಟು ಮಾಡ್ತು. 1980ರ ದಶಕದಲ್ಲಿ ಅಂಥವು ಎಲ್ಲೆಲ್ಲೂ ಇದ್ದವು. ಹಾಕೋಕೆ ಸುಲಭ, ಕಾಲಿನ ಹಿಡಿತ ಮಾತ್ರ ಅಷ್ಟಕ್ಕಷ್ಟೇ, 1990ರ ದಶಕ ಮುಗಿಯೋ ಹೊತ್ತಿಗೆ ಬಹುಮಟ್ಟಿಗೆ ಮರೆಯಾದವು. ಸಂತೆಯಲ್ಲಿ ಗುಲಾಬಿ, ನೇರಳೆ ಬಣ್ಣದ, ಹಿಂದಿನಿಂದ ತೆರೆಯೋ ಬೂಟು ಕಂಡರೆ ಅದು ಆ ಕಾಲದ್ದು. ಫೋಟೋ ತೆಗೆದುಕೊಳ್ಳಿ, ಕಾಲು ಇಡಬೇಡಿ.

ಎರಡನೇ ದಾರಿ, ಪ್ಲಾಸ್ಟಿಕ್ಕನ್ನೇ ಕಾಲಿನ ಮಾತು ಕೇಳೋ ಹಾಗೆ ಮಾಡೋದು. ಇಲ್ಲಿಗೆ ಹಳೇ ಕಸುಬು ವಾಪಸ್ ಬಂತು. ಉತ್ತರ ಇಟಲಿಯ ವೆನೆಟೋ ಪ್ರಾಂತ್ಯದಲ್ಲಿ ಮೊಂಟೆಬೆಲ್ಲೂನಾ ಅನ್ನೋ ಊರಿದೆ. ತಲೆತಲಾಂತರದಿಂದ ಬೆಟ್ಟದ ಬೂಟು ಹೊಲಿಯೋರ ಊರು. ನಾರ್ಡಿಕಾ, ಟೆಕ್ನಿಕಾದಂಥ ಹೆಸರುಗಳೆಲ್ಲ ಆ ಸೀಮೆಯವೇ. ಪ್ಲಾಸ್ಟಿಕ್ ಬಂದಾಗ ಆ ಊರು ಮುಳುಗಿಹೋಗಬೇಕಿತ್ತು. ಮುಳುಗಲಿಲ್ಲ. ಸೂಜಿ, ದಾರ ಕೆಳಗಿಟ್ಟು ಅಚ್ಚಿನ ಯಂತ್ರ ತರಿಸಿಕೊಂಡರು, ಜಗತ್ತಿನ ಸ್ಕೀ ಬೂಟುಗಳ ದೊಡ್ಡ ಪಾಲು ಅಲ್ಲಿಂದಲೇ ಬರೋ ಹಾಗಾಯ್ತು. ಯಾಕೆ ಅಂತ ಕೇಳಿದರೆ ನನ್ನ ಅಭಿಪ್ರಾಯ ಇದು: ಅವರಿಗೆ ಚರ್ಮ ಗೊತ್ತಿತ್ತು ಅನ್ನೋದಕ್ಕಿಂತ ಪಾದ ಗೊತ್ತಿತ್ತು. ಪಾದದ ಮರದ ಅಚ್ಚು ಕೆತ್ತೋ ಕೈಗಳಿಗೆ, ಎಲ್ಲಿ ಎಲುಬು ಉಬ್ಬುತ್ತೆ, ಎಲ್ಲಿ ಜಾಗ ಬೇಕು, ಎಲ್ಲಿ ಬಿಗಿ ಬೇಕು ಅನ್ನೋದು ಗೊತ್ತಿತ್ತು. ವಸ್ತು ಬದಲಾಯ್ತು, ಪಾದ ಬದಲಾಗಲಿಲ್ಲ. ಅಲ್ಲೊಂದು ಬೂಟಿನ ವಸ್ತುಸಂಗ್ರಹಾಲಯವೇ ಇದೆ, ಹಳೇ ಬಂಗಲೆಯೊಂದರಲ್ಲಿ, 1984ರಿಂದ.

ಸ್ಕೀ ಊರುಗಳ ಅಂಗಡಿಗಳಲ್ಲೂ ಹೊಸ ಕಸುಬುದಾರರು ಹುಟ್ಟಿಕೊಂಡರು, ‘ಬೂಟ್‌ಫಿಟರ್’ ಅಂತ. ಇವರ ಆಯುಧ ಬಿಸಿಗಾಳಿ ಉಗುಳೋ ಹೀಟ್ ಗನ್, ಕಬ್ಬಿಣದ ಉಬ್ಬು ತುದಿಗಳು, ಒತ್ತೋ ಯಂತ್ರ. ಶೆಲ್ಲನ್ನ ಹದವಾಗಿ ಬಿಸಿ ಮಾಡಿ, ಎಲುಬು ತಾಗೋ ಜಾಗದಲ್ಲಿ ಒಳಗಿಂದ ಒತ್ತಿ ಹಿಡಿದು, ತಣ್ಣಗಾಗೋವರೆಗೂ ಬಿಡದೆ ಇದ್ದರೆ ಪಾಲಿಯುರೆಥೇನ್ ಆ ಉಬ್ಬನ್ನ ನೆನಪಿಟ್ಟುಕೊಳ್ಳುತ್ತೆ. ಚರ್ಮ ಹಿಗ್ಗಿಸೋದು ನೀರಿನಿಂದ, ಇದು ಬೆಂಕಿಯಿಂದ. ಕೆಲಸ ಮಾತ್ರ ಅದೇ.

ಇದನ್ನೇ ಮನೇಲಿ ಮಾಡಬಹುದಾ? ಜನ ಮಾಡ್ತಾರೆ. ಕಷ್ಟ ಎಲ್ಲಿ ಅಂದರೆ ‘ಹದ’ ಅನ್ನೋ ಪದದಲ್ಲಿ. ಕಡಿಮೆ ಬಿಸಿಯಾದರೆ ಉಬ್ಬು ಸಂಜೆಗೆ ವಾಪಸ್ ಹೋಗುತ್ತೆ. ಹೆಚ್ಚಾದರೆ ಪ್ಲಾಸ್ಟಿಕ್ ಮೇಲ್ಮೈ ಹೊಳೆಯೋಕೆ ಶುರುವಾಗುತ್ತೆ, ಅಲ್ಲಿಗೆ ಅದರ ಬಲ ಹೋಯ್ತು. ಅಗ್ಗದ ಬೂಟುಗಳಲ್ಲಿ ಪಾಲಿಯುರೆಥೇನ್ ಬದಲು ಬೇರೆ ಪ್ಲಾಸ್ಟಿಕ್ ಇರುತ್ತೆ, ಅದು ಹೀಗೆ ಕೊಟ್ಟ ಆಕಾರವನ್ನ ಸರಿಯಾಗಿ ಹಿಡಿಯೋದೂ ಇಲ್ಲ. ಹಳೇ ಶೆಲ್ಲಿಗೆ ಬಿಸಿ ಕೊಡೋ ಕೆಲಸವನ್ನ ನಾನು ದುಡ್ಡು ಕೊಟ್ಟು ಫಿಟರ್ ಕೈಲೇ ಮಾಡಿಸ್ತೇನೆ.

ಒಳಬೂಟು ಬೇರೆ ವಿಷಯ. ಅದು ಪೂರ್ತಿ ಮನೆಯ ಕೆಲಸ, ಅಡುಗೆಮನೆಯ ಕೆಲಸ ಅಂತಲೇ ಹೇಳಬಹುದು. ಸೆಕೆಂಡ್‌ಹ್ಯಾಂಡ್ ಬೂಟಿನ ಲೈನರ್ ಹಿಂದಿನ ಯಜಮಾನನ ಕಾಲಿನ ಅಚ್ಚು. ಅವನ ಹಿಮ್ಮಡಿ, ಅವನ ಬೆವರು. ಅದನ್ನ ಹೊರಗೆಳೆದು, ತೊಳೆದು, ನೆರಳಲ್ಲಿ ಒಣಗಿಸಬೇಕು. ಈಗಿನ ಹಲವು ಲೈನರ್‌ಗಳು ಇವಿಎ ಫೋಮಿನವು, ನಮ್ಮ ಹವಾಯಿ ಚಪ್ಪಲಿಗಳಲ್ಲೂ ಬಳಸೋ ಫೋಮಿನ ಜಾತಿಯದೇ. ಬಿಸಿ ಮಾಡಿದರೆ ಉಬ್ಬಿ ಮೆತ್ತಗಾಗಿ, ಕಾಲಿಟ್ಟು ನಿಂತರೆ ಆ ಕಾಲಿನ ಆಕಾರಕ್ಕೆ ಬಂದು ಕೂರುತ್ತೆ. ಅಂಗಡೀಲಿ ಇದಕ್ಕೆ ಒಲೆ ಇರುತ್ತೆ. ಮನೇಲಿ ಏನು ಮಾಡ್ತಾರೆ ಗೊತ್ತಾ? ಅಕ್ಕಿ. ಉದ್ದನೆಯ ಕಾಲುಚೀಲಕ್ಕೆ ಅಕ್ಕಿ ತುಂಬಿ, ಮೈಕ್ರೊವೇವ್‌ನಲ್ಲಿ ಬಿಸಿ ಮಾಡಿ, ಲೈನರ್ ಒಳಗೆ ತುರುಕಿ ಇಡ್ತಾರೆ. ಅಕ್ಕಿ ಬಿಸಿಯನ್ನ ನಿಧಾನವಾಗಿ ಬಿಟ್ಟುಕೊಡುತ್ತೆ, ಫೋಮ್ ಸುಡೋದಿಲ್ಲ. ನಮ್ಮಜ್ಜಿ ಉಪ್ಪಿನ ಗಂಟನ್ನ ಹಂಚಿನ ಮೇಲೆ ಬಿಸಿ ಮಾಡಿ ಮಂಡಿಗೆ ಶಾಖ ಕೊಡ್ತಿದ್ದದ್ದು ಇದೇ ಲೆಕ್ಕದಲ್ಲಿ. ಆಮೇಲೆ ಬೆರಳ ತುದಿಗೂ, ಎಲುಬು ಉಬ್ಬಿದ ಜಾಗಕ್ಕೂ ಸಣ್ಣ ಫೋಮ್ ತುಂಡು ಅಂಟಿಸಿ, ಮೇಲೆ ತೆಳು ಕಾಲುಚೀಲ ಹಾಕಿ, ಲೈನರ್ ಸಮೇತ ಶೆಲ್ಲಿಗೆ ಇಳಿದು, ಬಕಲ್ ಹಾಕಿ ಹತ್ತು ನಿಮಿಷ ಅಲ್ಲಾಡದೆ ನಿಲ್ಲೋದು. ನಿಮ್ಮ ಲೈನರ್ ಬಿಸಿಗೆ ಹೊಂದೋ ಜಾತಿಯದಾ, ಎಷ್ಟು ಬಿಸಿ, ಎಷ್ಟು ಹೊತ್ತು ಅನ್ನೋದನ್ನ ಮಾತ್ರ ತಯಾರಕರ ಸೂಚನೆ ನೋಡಿಯೇ ಮಾಡಬೇಕು. ಎಲ್ಲವೂ ಆ ಬಗೆಯದಲ್ಲ.

ಅಳತೆ ನೋಡೋದೂ ಮನೇಲೇ ಆಗುತ್ತೆ. ಸ್ಕೀ ಬೂಟಿನ ಸೈಜ್ ಪಾದದ ಉದ್ದದ ಸೆಂಟಿಮೀಟರು, ಅದಕ್ಕೆ ‘ಮಾಂಡೋಪಾಯಿಂಟ್’ ಅಂತಾರೆ. ಪಾದ 26 ಸೆಂಟಿಮೀಟರ್ ಇದ್ದರೆ ಬೂಟು 26. ಆದರೆ ಸಾಮಾನ್ಯವಾಗಿ 26ಕ್ಕೂ 26.5ಕ್ಕೂ ಶೆಲ್ ಒಂದೇ, ಒಳಗಿನ ಹಾಸು ಅಥವಾ ಲೈನರ್ ಮಾತ್ರ ಬೇರೆ. ಹಾಗಾಗಿ ಲೈನರ್ ತೆಗೆದು ಬರೀ ಶೆಲ್ಲಿನೊಳಗೆ ಕಾಲಿಟ್ಟು, ಬೆರಳು ಮುಂದಕ್ಕೆ ತಾಗಿಸಿ, ಹಿಮ್ಮಡಿ ಹಿಂದೆ ಎಷ್ಟು ಜಾಗ ಇದೆ ನೋಡಬೇಕು. ಒಂದೂವರೆ ಎರಡು ಸೆಂಟಿಮೀಟರ್ ಇದ್ದರೆ ಸರಿ. ಮೂರು ದಾಟಿದರೆ ಆ ಬೂಟು ಎಷ್ಟೇ ಅಗ್ಗ ಇದ್ದರೂ ನಿಮ್ಮದಲ್ಲ. ಚಿಕ್ಕ ಶೆಲ್ಲನ್ನ ಹಿಗ್ಗಿಸಬಹುದು, ದೊಡ್ಡದನ್ನ ಯಾರೂ ಕುಗ್ಗಿಸಲಾರರು.

ಇನ್ನು ಆ ಒಡೆಯೋ ವಿಷಯ. ಪಾಲಿಯುರೆಥೇನ್‌ನಲ್ಲಿ ಎರಡು ದೊಡ್ಡ ಕುಲ, ಎಸ್ಟರ್ ಬಗೆಯದು, ಈಥರ್ ಬಗೆಯದು. ಎಸ್ಟರ್ ಬಗೆಯದರ ಅಣುಗಳ ಸರಪಳಿಯನ್ನ ನೀರು ಕತ್ತರಿಸುತ್ತೆ. ನೀರು ಅಂದರೆ ಬೂಟನ್ನ ನೆನೆಸಬೇಕಂತಿಲ್ಲ, ಗಾಳಿಯ ತೇವ ಸಾಕು. ಇದನ್ನ ಜಲವಿಭಜನೆ ಅಂತಾರೆ. ಬಿಸಿ ಹೆಚ್ಚಿದ್ದಷ್ಟೂ, ತೇವ ಹೆಚ್ಚಿದ್ದಷ್ಟೂ ವೇಗ ಹೆಚ್ಚು. ಡಬ್ಬಿಯೊಳಗಿದ್ದರೂ ನಡೆಯುತ್ತೆ, ಒಮ್ಮೆಯೂ ಹಾಕದಿದ್ದರೂ ನಡೆಯುತ್ತೆ. ಕುಮಾರ ಪರ್ವತದಲ್ಲಿ ಬಾಯಿ ಬಿಟ್ಟ ನಿಮ್ಮ ಶೂ ಅಟ್ಟೆಗೆ ಆಗಿದ್ದೂ ಸಾಮಾನ್ಯವಾಗಿ ಇದೇ. ಈಥರ್ ಬಗೆಯದು ಇದನ್ನ ಹೆಚ್ಚು ಕಾಲ ತಡೆಯುತ್ತೆ. ಕೈಯಲ್ಲಿರೋ ಹಳೇ ಬೂಟು ಯಾವ ಕುಲದ್ದು ಅಂತ ನೋಡಿ ಹೇಳೋಕಾಗೋದಿಲ್ಲ. ಚರ್ಮದ ಹಾಗೆ ಪ್ಲಾಸ್ಟಿಕ್ ಹೇಳಿ ಸಾಯೋದಿಲ್ಲ ಅಂದದ್ದು ಅದಕ್ಕೇ.

ಹಾಗಂತ ಏನೂ ಸುಳಿವೇ ಇಲ್ಲ ಅಂತಲ್ಲ. ಬಕಲ್ಲಿನ ರಿವೆಟ್ ಸುತ್ತ, ಪಾದದ ಕೀಲಿನ ಹತ್ತಿರ ಎರಡು ಚಿಪ್ಪು ಸೇರೋ ಜಾಗದಲ್ಲಿ ಕೂದಲೆಳೆಯಂಥ ಬಿರುಕು ಹುಡುಕಬೇಕು. ಬಾಗಿಸಿದಾಗ ಬಿಳಿಚಿಕೊಂಡರೆ, ಅಂಚಿನಿಂದ ಚಕ್ಕೆ ಎದ್ದರೆ, ಅಂಟು ಅಂಟಾಗಿದ್ದರೆ ಅಲ್ಲಿಗೆ ಬಿಟ್ಟುಬಿಡಬೇಕು. ಅಂಟು ಹಾಕಿ, ಸ್ಟೀಲ್ ಪಟ್ಟಿ ಬಿಗಿದು ಉಳಿಸೋ ಪ್ರಯತ್ನ ವ್ಯರ್ಥ, ಯಾಕಂದರೆ ಬಿರುಕು ಒಂದು ಜಾಗದ್ದಲ್ಲ, ಇಡೀ ವಸ್ತುವೇ ಸೋತಿದೆ. ಹಲವು ಶೆಲ್‌ಗಳ ಮೇಲೆ ಅಚ್ಚು ಹಾಕೋವಾಗಲೇ ಮೂಡಿಸಿದ ಸಣ್ಣ ಚಕ್ರದ ಗುರುತು ಇರುತ್ತೆ, ಗಡಿಯಾರದ ಮುಖದ ಥರ. ಅದರ ಬಾಣ ತೋರಿಸೋದು ತಯಾರಾದ ತಿಂಗಳು, ಮಧ್ಯದ ಅಂಕಿ ವರ್ಷ. ಕೆಲವು ಬೂಟಲ್ಲಿ ಲೈನರ್ ತೆಗೆದರೆ ಒಳಗೆ ಕಾಣುತ್ತೆ. ಇಪ್ಪತ್ತು ವರ್ಷ ದಾಟಿದ ಶೆಲ್ ಎಷ್ಟೇ ಚಂದ ಇದ್ದರೂ ನಾನು ಕಾಲಿಗೆ ಹಾಕೋದಿಲ್ಲ. ಇದು ನಿಯಮ ಅಲ್ಲ, ನನ್ನ ಹೆದರಿಕೆ. ಇಂಥ ಹೆದರಿಕೆ ಇರಲಿ ಅಂತ ನಿಮಗೂ ಹೇಳ್ತೇನೆ.

ಉಳಿದದ್ದು ಅಟ್ಟೆ. ಇಲ್ಲಿ ಮತ್ತೊಂದು ಕತೆ ಹೇಳಬೇಕು. ಹ್ಯಾಲ್ಮಾರ್ ವಾಮ್ ಅನ್ನೋನು ನಾರ್ವೆಯಿಂದ ಅಮೆರಿಕದ ಪೋರ್ಟ್‌ಲೆಂಡಿಗೆ ಬಂದ ಚಾಂಪಿಯನ್ ಸ್ಕೀಪಟು. 1937ರಲ್ಲಿ ಬಿದ್ದು ಕಾಲು ಮುರ್ಕೊಂಡ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಹೊಳೆದ ಯೋಚನೆ: ಬಿದ್ದಾಗ ಸ್ಕೀ ತಾನಾಗಿ ಕಳಚಿಕೊಂಡರೆ ಕಾಲು ಉಳಿಯುತ್ತೆ. ಅಲ್ಲಿಂದ ಬಂದದ್ದು ಬೂಟನ್ನ ಬಿಟ್ಟುಕೊಡೋ ಬೈಂಡಿಂಗ್. ಇವತ್ತಿನ ಎಲ್ಲ ಬೈಂಡಿಂಗೂ ಅದರ ಮೊಮ್ಮಕ್ಕಳೇ. ಸ್ಕೀ ಮಾಡೋವನ ತೂಕ, ಎತ್ತರ, ವಯಸ್ಸು, ಅವನ ರೀತಿ, ಬೂಟಿನ ಅಟ್ಟೆಯ ಉದ್ದ ಎಲ್ಲ ಲೆಕ್ಕ ಹಾಕಿ, ಇಷ್ಟು ಬಲ ಬಿದ್ದರೆ ಬಿಡು ಅಂತ ಸ್ಪ್ರಿಂಗ್ ತಿರುಗಿಸಿ ಇಡ್ತಾರೆ. ಈ ಲೆಕ್ಕ ಎಲ್ಲ ನಿಂತಿರೋದು ಒಂದು ನಂಬಿಕೆಯ ಮೇಲೆ: ಬೂಟಿನ ಮೂತಿ ಮತ್ತು ಹಿಮ್ಮಡಿಯ ತುದಿ ಎಲ್ಲ ಬೂಟಿಗೂ ಒಂದೇ ಅಳತೆ. ಅದಕ್ಕೊಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್‌ಒ 5355. ಹಿಂದಿನ ಯಜಮಾನ ಆ ಬೂಟಲ್ಲಿ ಪಾರ್ಕಿಂಗ್ ಜಾಗದ ಡಾಂಬರಿನ ಮೇಲೆ ವರ್ಷಗಟ್ಟಲೆ ನಡೆದಿದ್ದರೆ ಮೂತಿ ದುಂಡಗೆ ಸವೆದಿರುತ್ತೆ. ಆಗ ಬೈಂಡಿಂಗ್ ಬೇಗ ಬಿಟ್ಟುಬಿಡಬಹುದು, ಅಥವಾ ಬಿಡಬೇಕಾದಾಗ ಬಿಡದೆ ಇರಬಹುದು. ಸವೆದ ಜಾಗಕ್ಕೆ ರಬ್ಬರ್ ಅಂಟಿಸಿ ಉಜ್ಜಿ ಸಮ ಮಾಡೋದು ಚರ್ಮದ ಬೂಟಿಗೆ ಸರಿ. ಇಲ್ಲಿ ಅದು ಕಾಲಿನ ಜೊತೆ ಜೂಜು. ಬಿಚ್ಚಿ ಹಾಕೋ ಅಟ್ಟೆ ಇರೋ ಮಾಡೆಲ್ ಆದರೆ ಅದೇ ಮಾಡೆಲ್ಲಿನ ಹೊಸ ತುಂಡು ತಂದು ಸ್ಕ್ರೂ ಹಾಕಬಹುದು. ಇಲ್ಲದಿದ್ದರೆ ಆ ಬೂಟು ಮುಗೀತು. ಬೈಂಡಿಂಗಿನ ಸ್ಪ್ರಿಂಗನ್ನ ಯಂತ್ರದಲ್ಲಿ ಪರೀಕ್ಷೆ ಮಾಡಿಸಬೇಕು, ಅದು ಸ್ಕ್ರೂಡ್ರೈವರ್ ಹಿಡಿದು ಮನೇಲಿ ಮಾಡೋದಲ್ಲ.

ಗಟ್ಟಿ ಬೂಟಿನಿಂದ ಕಾಲಿಗೆ ಒಳ್ಳೇದಾಯ್ತಾ ಅಂತ ನೀವು ಕೇಳಬಹುದು. ಅರ್ಧ ಒಳ್ಳೇದಾಯ್ತು. ಅಮೆರಿಕದ ವರ್ಮಾಂಟ್ ರಾಜ್ಯದ ಶುಗರ್‌ಬುಷ್‌ನಲ್ಲಿ 1972ರಿಂದ ದಶಕಗಟ್ಟಲೆ ಸ್ಕೀ ಗಾಯಗಳನ್ನ ದಾಖಲು ಮಾಡಿದ ಸಂಶೋಧಕರಿದ್ದಾರೆ. ಚರ್ಮದ ಕಾಲದಲ್ಲಿ ಮುರೀತಿದ್ದದ್ದು ಪಾದದ ಕೀಲು ಮತ್ತು ಅದರ ಮೇಲಿನ ಎಲುಬು. ಬೂಟು ಎತ್ತರವಾಗಿ ಗಟ್ಟಿಯಾಗಿ, ಬೈಂಡಿಂಗ್ ಸುಧಾರಿಸಿದ ಮೇಲೆ ಆ ಮುರಿತಗಳು ತುಂಬಾ ಕಡಿಮೆಯಾದವು. ಆದರೆ 1980ರ ದಶಕದಲ್ಲಿ ಮೊಣಕಾಲಿನೊಳಗಿನ ಎಸಿಎಲ್ ಅನ್ನೋ ಕಟ್ಟು ಹರಿಯೋದು ಹೆಚ್ಚಾಯ್ತು. ಪೆಟ್ಟು ಕೆಳಗಿನ ಕೀಲಿನಿಂದ ಮೇಲಿನ ಕೀಲಿಗೆ ಹತ್ತಿತು ಅಂತ ಸರಳವಾಗಿ ಹೇಳಬಹುದು.

ನಮ್ಮ ದೇಶದಲ್ಲಿ ಇದೆಲ್ಲ ಯಾರಿಗೆ ಬೇಕು ಅಂತೀರಾ? ಗುಲ್ಮಾರ್ಗ್‌ನಲ್ಲಿ ಸ್ಕೀ ಕ್ಲಬ್ ಶುರುವಾಗಿದ್ದು 1927ರಲ್ಲಿ, ಬ್ರಿಟಿಷ್ ಸೇನಾಧಿಕಾರಿಗಳಿಂದ. ಇವತ್ತು ಅಲ್ಲಿಗೆ, ಔಲಿಗೆ, ಮನಾಲಿ ಹತ್ತಿರದ ಸೋಲಂಗ್‌ಗೆ ಬೆಂಗಳೂರಿನಿಂದ ಕಲಿಯೋಕೆ ಹೋಗೋ ಹುಡುಗ ಹುಡುಗಿಯರಿದ್ದಾರೆ. ಅವರ ಕಾಲಿಗೆ ಸಿಗೋದು ಬಾಡಿಗೆ ಬೂಟು, ಅಂದರೆ ಎಷ್ಟೋ ಜನರ ಕಾಲು ದಾಟಿ ಬಂದದ್ದು. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಆರಿಫ್ ಖಾನ್ ಗುಲ್ಮಾರ್ಗ್‌ನ ತಪ್ಪಲಿನವರು. ಅವರ ತಂದೆ ಗುಲ್ಮಾರ್ಗ್‌ನಲ್ಲಿ ಸ್ಕೀ ಸಲಕರಣೆಗಳ ಅಂಗಡಿ ನಡೆಸಿದವರು. ಬೂಟು ಸಿಗೋ ಮನೆಯಿಂದಲೇ ಒಲಿಂಪಿಯನ್ ಬಂದದ್ದು ಕಾಕತಾಳೀಯ ಅಂತ ನನಗನಿಸೋದಿಲ್ಲ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಭಾರತದ ಪರ ಸ್ಪರ್ಧಿಸೋದು ಕ್ರಾಸ್-ಕಂಟ್ರಿ ಸ್ಕೀಯಲ್ಲಿ. ಅದರ ಬೂಟು ಹಗುರ, ಬಾಗೋದು, ಹಿಮ್ಮಡಿ ಬಿಡುವಾಗಿರುತ್ತೆ. ಕಂದಹಾರ್ ಕೇಬಲ್ ಬರೋದಕ್ಕೆ ಮುಂಚಿನ ಹಳೇ ದಾರಿಯೇ ಅಲ್ಲಿ ಮುಂದುವರೆದಿದೆ.

ಗುಲ್ಮಾರ್ಗ್‌ನಲ್ಲಿ ಬಾಡಿಗೆಗೆ ತಗೊಳ್ಳೋವಾಗ ಇಷ್ಟು ಮಾಡಿ. ಬೂಟನ್ನ ತಲೆಕೆಳಗು ಮಾಡಿ ಮೂತಿ, ಹಿಮ್ಮಡಿ ನೋಡಿ. ರಿವೆಟ್ ಸುತ್ತ ನೋಡಿ. “ಭಾಯಿ ಸಾಬ್, ದೂಸ್ರಾ ದಿಖಾಯಿಯೇ” ಅನ್ನೋಕೆ ನಾಚಿಕೆ ಬೇಡ. ನಿಮ್ಮ ತೂಕ ಎಷ್ಟು ಅಂತ ಕೇಳದೆ ಬೈಂಡಿಂಗ್ ಹಾಕಿಕೊಟ್ಟರೆ, ನೀವೇ ಹೇಳಿ ಮತ್ತೆ ನೋಡೋಕೆ ಹೇಳಿ.

ಸತ್ತ ಶೆಲ್‌ಗಳು ಎಲ್ಲಿಗೆ ಹೋಗ್ತವೆ? ಬಹಳ ಕಾಲ ಕಸದ ಗುಂಡಿಗೆ. ಮೊಂಟೆಬೆಲ್ಲೂನಾ ಸೀಮೆಯ ಟೆಕ್ನಿಕಾ ಗುಂಪು 2021ರಲ್ಲಿ ಹಳೇ ಬೂಟು ವಾಪಸ್ ತಗೊಂಡು, ಬಿಡಿಸಿ, ಪ್ಲಾಸ್ಟಿಕ್ಕನ್ನ ಪುಡಿ ಮಾಡಿ ಮರುಬಳಕೆ ಮಾಡೋ ಯೋಜನೆ ಶುರು ಮಾಡ್ತು. ಸ್ಕೀ ಊರುಗಳ ಜನ ಅದಕ್ಕೆ ಮುಂಚೆಯೇ ಇನ್ನೊಂದು ಉಪಾಯ ಕಂಡುಕೊಂಡಿದ್ದಾರೆ. ಲೈನರ್ ತೆಗೆದು, ಮಣ್ಣು ತುಂಬಿ, ಬಾಗಿಲ ಪಕ್ಕ ಸಾಲಾಗಿ ಇಟ್ಟು ಹೂವಿನ ಗಿಡ ನೆಡ್ತಾರೆ. ಗುಲಾಬಿ, ನೇರಳೆ ಬಣ್ಣದ, ಹಿಂದಿನಿಂದ ತೆರೆಯೋ ಆ 1980ರ ದಶಕದ ಬೂಟುಗಳಿಗೆ ಇದಕ್ಕಿಂತ ಒಳ್ಳೇ ಕೆಲಸ ನನಗಂತೂ ಕಾಣೋದಿಲ್ಲ.